ಕರು ಮೊದಲು

ಹಲಗೆಯ ಮೂಸ್ ಒಂದು ವರ್ಷವೂ ನನ್ನನ್ನು ಸೋಲಿಸಿರಲಿಲ್ಲ. ನಮ್ಮೂರ ಗುರಿ ಬಯಲಿನಲ್ಲಿ, ಎಂಬತ್ತು ಮೀಟರ್ ಆಚೆ, ನಮ್ಮ ಕಾಡಿನ ಆ ದೈತ್ಯ ಜಿಂಕೆಯ ಆಕಾರಕ್ಕೆ ಕೊರೆದ ಹಲಗೆ ಕಂಬಿಗಳ ಮೇಲೆ ಎಡದಿಂದ ಬಲಕ್ಕೆ ಓಡುತ್ತದೆ, ಆಮೇಲೆ ಬಲದಿಂದ ಎಡಕ್ಕೆ. ಪ್ರತಿ ಆಗಸ್ಟಿನಲ್ಲಿ ಬೇಟೆ ತಂಡದ ಹನ್ನೊಂದು ಜನರೂ ಅದಕ್ಕೆ ಗುಂಡು ಹೊಡೆದು ತೋರಿಸಬೇಕು. ತಪ್ಪಿದವರಿಗೆ ಆ ವರ್ಷ ಕಾಡಿನಲ್ಲಿ ಜಾಗವಿಲ್ಲ. ಗಾಲಿಯ ಸದ್ದು ಶುರುವಾದ ಕೂಡಲೆ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ, ಮೂರು ಬರುವ ಮೊದಲು ಒತ್ತಿದರೆ ಗುಂಡು ನೇರ ಎದೆಗೇ ಹೋಗುತ್ತದೆ. ಅದಕ್ಕೆ ಕಣ್ಣು ಬೇಕಿಲ್ಲ. ನಾನು ಮೂರು ವರ್ಷದಿಂದ ಹಾಗೇ ಹೊಡೆದು ಭೇಷ್ ಅನ್ನಿಸಿಕೊಳ್ಳುತ್ತಿದ್ದೆ.

ಪೂರ್ತಿ ಕುರುಡನೇನೂ ಆಗಿರಲಿಲ್ಲ. ಬಲಗಣ್ಣಿನ ನಟ್ಟನಡುವೆ ಒಂದು ಬೂದು ಕಲೆ ಕೂತಿತ್ತು, ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಯಾರ ಮುಖ ನೋಡಿದರೂ ಮುಖ ಇರುತ್ತಿರಲಿಲ್ಲ. ಸುತ್ತಲಿನ ಕೂದಲು, ಕಿವಿ, ಅಂಗಿಯ ಕಾಲರ್ ಮಾತ್ರ ಕಾಣುತ್ತಿತ್ತು. ನೋಡಬೇಕಾದ್ದನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ದೃಷ್ಟಿ ಹೊರಳಿಸಿದರೆ ಅಂಚಿನಲ್ಲಿ ಏನೋ ಸಿಕ್ಕುತ್ತಿತ್ತು. ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಇದಕ್ಕೆ ಆಪರೇಷನ್ ಇಲ್ಲ, ಕಾರು ಓಡಿಸಬೇಡಿ, ಬಂದೂಕಂತೂ ಮುಟ್ಟಲೇಬೇಡಿ ಎಂದರು. ಕಾರು ಬಿಟ್ಟೆ. ಮಂಡಿ ನೋವು ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಬಂದೂಕು ಬಿಡಲು ಮನಸ್ಸು ಬರಲಿಲ್ಲ.

ಅದಕ್ಕೆ ಕಾರಣ ಕಲ್ಲು. ಲೋಮ್ ಕೆರೆಯ ಪಕ್ಕದ ಜೌಗಿನ ಅಂಚಿನಲ್ಲಿ ಒಂದು ದೊಡ್ಡ ಬಂಡೆಯಿದೆ, ಅದರ ಹೆಸರೇ ಕಲ್ಲು. ತಂಡದ ಬೇರೆ ಕಾವಲು ಜಾಗಗಳಿಗೆಲ್ಲ ಹಿಂದಿನ ಸಂಜೆ ಚೀಟಿ ಎತ್ತುತ್ತಾರೆ. ಕಲ್ಲಿಗೆ ಮಾತ್ರ ಚೀಟಿಯಿಲ್ಲ. ಅಲ್ಲಿ ನನ್ನ ಅಜ್ಜ ಕೂತಿದ್ದ, ಅಪ್ಪ ಕೂತಿದ್ದ, ನಲವತ್ತೊಂದು ವರ್ಷದಿಂದ ನಾನು ಕೂತಿದ್ದೆ. ಬೇಟೆ ಬಿಟ್ಟ ಗಂಡಸರು ನಮ್ಮೂರಲ್ಲಿ ಏನಾಗುತ್ತಾರೆಂದು ನಾನು ಕಂಡಿದ್ದೇನೆ: ಅಂಗಡಿ ಮುಂದಿನ ಬೆಂಚಿನಲ್ಲಿ ಕೂತು, ಯಾರು ಏನು ಹೊಡೆದರು ಎಂದು ಬಂದವರನ್ನೆಲ್ಲ ಕೇಳುತ್ತಾರೆ, ಯಾರೂ ನಿಂತು ಉತ್ತರ ಕೊಡುವುದಿಲ್ಲ. ಆ ಬೆಂಚಿಗೆ ಸತ್ತರೂ ಹೋಗುವುದಿಲ್ಲ ಎಂದು ಹಟ ಹಿಡಿದೆ. ಎಪ್ಪತ್ತೊಂದು ವರ್ಷದವನ ಹಟ, ಅದಕ್ಕೆ ಬುದ್ಧಿ ಹೇಳುವವರು ಯಾರು?

ಸೆಪ್ಟೆಂಬರಿನ ಮೊದಲ ಸೋಮವಾರ ನಮ್ಮ ಯೆಮ್ಟ್‌ಲಂಡ್ ಪ್ರಾಂತ್ಯದಲ್ಲಿ ಮೂಸ್ ಬೇಟೆ ಶುರುವಾಗುತ್ತದೆ. ಆ ಬೆಳಿಗ್ಗೆ ನಾನು ಕಾಫಿ ಬಗ್ಗಿಸುತ್ತಿದ್ದೆ.

“ರೀ, ಲೋಟಕ್ಕೆ ಹುಯ್ಯಿರಿ, ಮೇಜಿಗಲ್ಲ,” ಎಂದಳು ನನ್ನ ಹೆಂಡತಿ ಸೂಲ್ವೈ.

“ಮೇಜು ಕುಂಟ್ತಾ ಇದೆ ಕಣೆ.”

“ಮೂವತ್ತು ವರ್ಷ ನೆಟ್ಟಗಿದ್ದ ಮೇಜಿಗೆ ಇವತ್ತು ಕುಂಟು ಬಂತಾ? ನಿಮ್ಮ ಮಂಡಿ ನೋವು ಅಂಟ್ಕೊಂಡಿರ್ಬೇಕು.”

ಅವಳು ಬಟ್ಟೆ ತಂದು ಒರೆಸಿದಳು. ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿತು. ಸೂಲ್ವೈಯ ತಂಗಿ ಯೋರ್ಡಿಸ್ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ತಂಡದ ನಾಯಿ ಅವಳದೇ. ತುಸ್ಸಾ ಎಂಬ ಬೂದು ಬಣ್ಣದ ಹೆಣ್ಣು ನಾಯಿ. ಕಾಡಿನಲ್ಲಿ ನಾಯಿಯ ಹಿಂದೆ ನಡೆಯುವವಳೂ ಅವಳೇ. ಐವತ್ತೆಂಟು ವರ್ಷವಾದರೂ ಜೌಗಿನಲ್ಲಿ ಅವಳ ಜೊತೆ ಹೆಜ್ಜೆ ಹಾಕುವ ಹುಡುಗರು ನಮ್ಮೂರಲ್ಲಿ ಇಲ್ಲ. ಬಾಯಿಯೂ ಕಾಲಿನಷ್ಟೇ ಚುರುಕು.

“ಏನ್ ಭಾವ, ಈ ವರ್ಷನಾದ್ರೂ ಮೂಸ್ ಹೊಡೀತೀರೋ, ಹೋದ್ ವರ್ಷದ ಹಾಗೆ ಬರೀ ಗೊರಕೆನೋ?”

“ನಿನ್ನ ನಾಯಿ ಓಡಿಸ್ಕೊಂಡು ಬಂದ್ರೆ ತಾನೆ. ಅದಕ್ಕೆ ಮೂಸ್‌ಗೂ ಅಳಿಲಿಗೂ ವ್ಯತ್ಯಾಸ ಗೊತ್ತಿಲ್ಲ.”

“ಕೇಳಿಸ್ಕೊಂಡ್ಯಾ ತುಸ್ಸಾ? ಇವತ್ತು ಭಾವಂಗೆ ಎಂಥದ್ದು ತೋರಿಸ್ಬೇಕು ಅಂದ್ರೆ, ಅವರು ಕಲ್ಲಿಂದ ಕೆಳಗೆ ಬೀಳ್ಬೇಕು.”

ಹಿಂದಿನ ವರ್ಷ ನನ್ನ ಮುಂದೆ ಒಂದು ಗಂಡು ಹಾದುಹೋಗಿತ್ತು. ನಾನು ಹೊಡೆಯಲಿಲ್ಲ, ಕಣ್ಣಿಗೆ ಅದರ ಕಾಲು ಮಾತ್ರ ಸಿಕ್ಕಿತ್ತು. ನಿದ್ದೆ ಬಂದಿತ್ತು ಎಂದು ನಾನೇ ಹೇಳಿಕೊಂಡು ನಗೆಪಾಟಲಾಗಿದ್ದೆ. ನಿದ್ದೆಯ ಹಾಸ್ಯ ಕಣ್ಣಿನ ನಿಜಕ್ಕಿಂತ ಅಗ್ಗವಾಗಿತ್ತು.

ತಂಡದ ಮುಖ್ಯಸ್ಥ ಬಿರ್ಗರ್, ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣಲೆಂದು ಕಿತ್ತಳೆ ಟೋಪಿ ಜಾಕೀಟು ತೊಟ್ಟಿದ್ದ ನಮ್ಮೆಲ್ಲರನ್ನೂ ರಸ್ತೆ ಬದಿಯಲ್ಲಿ ಸೇರಿಸಿ, ಪ್ರತಿ ವರ್ಷ ಹೇಳುವುದನ್ನೇ ಹೇಳಿದ. “ಎರಡು ಗಂಡು, ಎರಡು ಹೆಣ್ಣು, ಐದು ಕರು. ಅಷ್ಟೇ ನಮ್ಮ ಪಾಲು. ತಾಯಿ ಕರು ಒಟ್ಟಿಗೆ ಬಂದ್ರೆ ಕರು ಮೊದಲು. ಹೆಣ್ಣು ಒಂದೇ ಬಂತು ಅಂತ ಅವಸರ ಬೀಳ್ಬೇಡಿ, ಕಾಯಿರಿ. ಹಿಂದೆ ಕರು ಇದ್ದೇ ಇರುತ್ತೆ.”

ಹೊರಗಿನವರು ಇದನ್ನು ಕೇಳಿದರೆ ನಮ್ಮನ್ನು ಕಟುಕರು ಅನ್ನುತ್ತಾರೆ. ಅನ್ನಲಿ. ಮೇ ತಿಂಗಳಲ್ಲಿ ಹುಟ್ಟಿದ ಕರು ಮೊದಲ ಚಳಿಗಾಲ ದಾಟುವುದು ತಾಯಿಯ ಹಿಂದೆ. ಸೊಂಟದುದ್ದ ಹಿಮದಲ್ಲಿ ಆ ಉದ್ದ ಕಾಲುಗಳಿಂದ ದಾರಿ ತುಳಿಯುವವಳು ಅವಳು, ಯಾವ ಇಳಿಜಾರಿನಲ್ಲಿ ಎಳೆ ಪೈನ್ ಮರಗಳಿವೆ ಎಂದು ಗೊತ್ತಿರುವವಳೂ ಅವಳೇ. ತಾಯಿಯನ್ನು ಕೊಂದು ಕರುವನ್ನು ಬಿಟ್ಟರೆ ಅದು ಮಾರ್ಚಿನ ಹೊತ್ತಿಗೆ ಎಲ್ಲೋ ಒಂದು ಬೇಲಿ ಬದಿಯಲ್ಲಿ ಮೂಳೆ ಚಕ್ಕಳವಾಗಿ ಬಿದ್ದಿರುತ್ತದೆ. ಆದ್ದರಿಂದ ಕರು ಮೊದಲು. ನಮ್ಮ ಕಡೆ ಈ ಮಾತು ಮಕ್ಕಳ ಬಾಯಲ್ಲೂ ಇದೆ, ನನ್ನ ಕೈಗಂತೂ ಯೋಚನೆಯಿಲ್ಲದೆ ಬರುವಷ್ಟು ರಕ್ತಗತವಾಗಿತ್ತು.

“ಎಲ್ರೂ ಫೋನ್ ತೆಗೀರಿ,” ಎಂದ ಬಿರ್ಗರ್. ಈಗ ನಾಯಿಯ ಕೊರಳಿನಲ್ಲಿ, ಪ್ರತಿಯೊಬ್ಬರ ಕಿಸೆಯಲ್ಲಿ ಒಂದೊಂದು ಯಂತ್ರ. ಯಾರು ಎಲ್ಲಿದ್ದಾರೆಂದು ಫೋನಿನ ನಕ್ಷೆಯ ಮೇಲೆ ಚುಕ್ಕಿಗಳಾಗಿ ಕಾಣುತ್ತದೆಯಂತೆ. “ಹಾಲ್ವಾರಣ್ಣ, ನಿಮಗೆ ಬಂತಾ?”

ನಾನು ಫೋನನ್ನು ನೋಡಿದೆ. ಸಗಣಿ ಮೆತ್ತಿದ ಕಿಟಕಿಯ ಹಾಗಿತ್ತು. “ಬಂತು ಬಂತು,” ಎಂದೆ.

ಏಳು ಗಂಟೆಗೆ ಕಲ್ಲಿನ ಮೇಲೆ ಕೂತೆ. ಜೌಗಿನ ಹುಲ್ಲು ಹಳದಿಯಾಗಿತ್ತು, ಅದರ ಮೇಲೆ ತೆಳ್ಳಗೆ ಮಂಜು. ಕೂತವನಿಗೆ ಮಾಡಲು ಕೆಲಸವೇನೂ ಇಲ್ಲ, ಅಲ್ಲಾಡದಿರುವುದೇ ಕೆಲಸ. ಮೂಸಿನ ಕಣ್ಣೂ ಅಷ್ಟಕ್ಕಷ್ಟೆ. ಅಲ್ಲಾಡದ ಮನುಷ್ಯನನ್ನು ಅದು ಮರದ ಮೋಟು ಅಂದುಕೊಂಡು ಹತ್ತು ಹೆಜ್ಜೆ ಹತ್ತಿರ ಬರುತ್ತದೆ. ಅದು ಬದುಕುವುದು ಕಿವಿ ಮೂಗುಗಳಿಂದ. ಎರಡು ಕಿವಿಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಒಂದರಲ್ಲಿ ನನ್ನ ಉಸಿರು, ಇನ್ನೊಂದರಲ್ಲಿ ಕರುವಿನ ಹೆಜ್ಜೆ ಕೇಳಬಲ್ಲದು. ದೊಡ್ಡ ಗಂಡಿನ ಭುಜ ನಮ್ಮ ಹಬೆಸ್ನಾನದ ಸೌನಾ ಕೋಣೆಯ ಬಾಗಿಲಿಗಿಂತ ಎತ್ತರ, ತೂಕ ಐನೂರು ಕಿಲೋ, ತಲೆಯ ಮೇಲೆ ಮೀಟರಿಗೂ ಮಿಕ್ಕಿ ಅಗಲದ ಕೊಂಬು. ಅಷ್ಟು ದೊಡ್ಡ ದೇಹ ಹೊತ್ತು ಒತ್ತೊತ್ತಾದ ಸ್ಪ್ರೂಸ್ ಮರಗಳ ನಡುವೆ ಒಂದು ಕಡ್ಡಿ ಮುರಿಯದೆ ಬರುತ್ತದೆ. ಆ ಕೊಂಬನ್ನೂ ಚಳಿಗಾಲದಲ್ಲಿ ಬೀಳಿಸಿಬಿಡುತ್ತದೆ, ಬೇಸಿಗೆಯಲ್ಲಿ ಸೊಪ್ಪುಸದೆ ತಿಂದೇ ಹೊಸದು ಬೆಳೆಸುತ್ತದೆ. ಬರೀ ಎಲೆ, ಚಿಗುರು, ಕೆರೆಯ ತಾವರೆಯ ಗೆಡ್ಡೆ ತಿಂದು ಇಂಥ ಮೈ ಕಟ್ಟುವ ಪ್ರಾಣಿಯನ್ನು ನಲವತ್ತೊಂದು ವರ್ಷ ನೋಡಿದರೂ ನನಗೆ ಸಾಕೆನ್ನಿಸಿರಲಿಲ್ಲ. ಆದರೆ ನೋಡುವುದೇ ಇನ್ನು ಕೆಲವು ದಿನದ ಮಾತು ಎಂದು ಗೊತ್ತಿತ್ತು.

ಎಂಟರ ಹೊತ್ತಿಗೆ ಉತ್ತರದ ದಿಬ್ಬದ ಕಡೆ ತುಸ್ಸಾ ಬೊಗಳಿದಳು. ಬೊಗಳು ಒಂದೇ ಕಡೆ ನಿಂತಿತು. ಒಂದು ನಾಯಿಗೆ ಹೆದರಿ ಮೂಸ್ ಓಡುವುದಿಲ್ಲ, ತಿರುಗಿ ನಿಲ್ಲುತ್ತದೆ. ನಾಯಿ ಅದರ ಕಾಲಿಗೆ ಸಿಗದೆ ಸುತ್ತ ಬೊಗಳಿ ನಿಲ್ಲಿಸಿಕೊಂಡಿರಬೇಕು. ಹತ್ತು ನಿಮಿಷ ಹಾಗೇ ನಡೆಯಿತು. ಆಮೇಲೆ ಕುಯ್ಯೋ ಎಂದು ಒಂದೇ ಒಂದು ಕೂಗು, ಅಷ್ಟೆ. ಕಾಡು ಸುಮ್ಮನಾಯಿತು.

ರೇಡಿಯೋದಲ್ಲಿ ಯೋರ್ಡಿಸ್ ಏದುಸಿರು ಬಿಡುತ್ತಿದ್ದಳು. “ತುಸ್ಸಾಗೆ ಒದೆ ಬಿದ್ದಿದೆ ಅನ್ಸುತ್ತೆ. ನಾನು ಅವಳ ಹತ್ರ ಹೋಗ್ತಿದೀನಿ. ಯಾರೂ ಜಾಗ ಬಿಡ್ಬೇಡಿ.”

“ಎಲ್ರೂ ಫೋನ್ ನೋಡ್ಕೊಂಡಿರಿ, ಯೋರ್ಡಿಸ್ ಎಲ್ಲಿದಾಳೆ ಅಂತ,” ಎಂದ ಬಿರ್ಗರ್. ಒಬ್ಬೊಬ್ಬರಾಗಿ ಕಂಡಿತು, ಕಂಡಿತು ಎಂದರು. ನನ್ನ ಸರದಿ ಬಂದಾಗ ನಾನೂ ಕಂಡಿತು ಎಂದೆ. ಕೂಗು ಬಂದದ್ದು ದಿಬ್ಬದ ಆಚೆ, ಅವಳೂ ಆಚೆಯೇ ಇರುತ್ತಾಳೆ ಎಂದು ಲೆಕ್ಕ ಹಾಕಿಕೊಂಡು ಫೋನನ್ನು ಕಿಸೆಗೆ ತುರುಕಿದೆ. ನನ್ನ ಜೀವಮಾನದಲ್ಲಿ ಆಡಿದ ಅತಿ ಕೆಟ್ಟ ಮಾತು ಅದು.

ಇಪ್ಪತ್ತು ನಿಮಿಷವಾಗಿರಬೇಕು. ಜೌಗಿನ ಆ ಅಂಚಿನಲ್ಲಿ, ಸ್ಪ್ರೂಸ್ ಮರಗಳ ಕಪ್ಪಿನಿಂದ ಇನ್ನೊಂದು ಕಪ್ಪು ಬೇರೆಯಾಗಿ ಹೊರಗೆ ಬಂತು. ಹೆಣ್ಣು. ಕೊಂಬಿಲ್ಲದ ಉದ್ದ ತಲೆ, ಭುಜದ ಮೇಲಿನ ಗೂನು, ಹುಲ್ಲಿನ ಮೇಲೆ ತೇಲಿದ ಹಾಗೆ ಕಾಣುವ ಮೈ. ನಾನು ಕಾದೆ. ಹಿಂದೆ ಕರು ಇದ್ದೇ ಇರುತ್ತದೆ. ಸ್ವಲ್ಪ ಈಚೆಗೆ, ವಿಲೋ ಪೊದೆಗಳ ಬಳಿ, ಕಂದು ಬಣ್ಣದ ಚಿಕ್ಕದೊಂದು ಬಗ್ಗಿಕೊಂಡು ನಿಧಾನವಾಗಿ ಅಲ್ಲಾಡುತ್ತಿತ್ತು.

ಅಬ್ಬ, ಕಂಡಿತಲ್ಲ ಎಂದು ಎಷ್ಟು ಸಂತೋಷವಾಯಿತು! ತೊಂಬತ್ತು ಮೀಟರ್. ಈ ಸಲ ಯಾರೂ ನಗುವ ಹಾಗಿಲ್ಲ. ಕರು ಮೊದಲು. ಬಂದೂಕು ಎತ್ತಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಸರಿಸಿ, ಬಂದೂಕಿನ ಮೇಲಿನ ದುರ್ಬೀನಿನ ನಡುವಿಗೆ ಕರುವನ್ನು ತಂದೆ. ತಂದ ಕೂಡಲೆ ಕಲೆ ಅದನ್ನು ನುಂಗಿತು. ಪರವಾಗಿಲ್ಲ, ಹಲಗೆಯ ಮೂಸನ್ನೂ ನುಂಗುತ್ತದೆ, ಎಲ್ಲಿದೆ ಎಂದು ಗೊತ್ತಲ್ಲ. ಬೆರಳನ್ನು ಟ್ರಿಗರಿನ ಮೇಲಿಟ್ಟು ಉಸಿರು ಹಿಡಿದೆ.

ನಡುವೆ ಏನೂ ಕಾಣದವನಿಗೆ ಅಂಚು ಕಾಣುತ್ತದೆ. ದುರ್ಬೀನಿನ ಮೇಲಂಚಿನಲ್ಲಿ ತಾಯಿ ನಿಂತಿದ್ದಳು, ಮಂಜಿನ ಬಿಳುಪಿಗೆ ಎದುರಾಗಿ. ಅವಳ ಗೂನಿನ ಮೇಲೆ ಕೂದಲು ನೆಟ್ಟಗೆ ಎದ್ದಿತ್ತು. ತಲೆ ಕೆಳಗೆ, ಕಿವಿ ಹಿಂದಕ್ಕೆ ಮಲಗಿ ಕುತ್ತಿಗೆಗೆ ಅಂಟಿತ್ತು, ನಾಲಿಗೆ ಮೂತಿಯ ಸುತ್ತ ಹರಿದಾಡುತ್ತಿತ್ತು. ಇದು ಒದೆಯಲು ಹೊರಟ ಮೂಸ್. ಒದೆಯುವುದು ಹಿಂಗಾಲಲ್ಲಲ್ಲ, ಮುಂಗಾಲು ಎತ್ತಿ ಮೇಲಿಂದ ಕುಕ್ಕುತ್ತದೆ, ಕರಡಿಯ ಬೆನ್ನು ಮುರಿಯುವ ಹಾಗೆ. ಅವಳ ಮುಖ ತಿರುಗಿದ್ದದ್ದು ನೇರ ಆ ಚಿಕ್ಕದರ ಕಡೆಗೆ.

ತಾಯಿ ಅಪಾಯಕ್ಕೆ ಎದುರಾಗಿ ನಿಲ್ಲುತ್ತಾಳೆ, ಕರು ಅವಳ ಬೆನ್ನ ಹಿಂದಿರುತ್ತದೆ. ತನ್ನ ಕರುವಿಗೇ ಕೂದಲೆತ್ತಿ ನಿಲ್ಲುವುದು ವರ್ಷದಲ್ಲಿ ಒಮ್ಮೆ, ಮೇ ತಿಂಗಳಲ್ಲಿ, ಹೊಸದು ಹುಟ್ಟುವ ಮೊದಲು ಹಳೆಯದನ್ನು ಓಡಿಸುವಾಗ. ಇದು ಸೆಪ್ಟೆಂಬರ್.

ಅದು ಕರುವಲ್ಲ.

ಬೆರಳು ತೆಗೆಯಬೇಕು ಎಂದರೆ ಅದು ನನ್ನ ಮಾತೇ ಕೇಳುತ್ತಿಲ್ಲ. ಕೊನೆಗೆ ಹೇಗೋ ಸೇಫ್ಟಿ ಹಿಂದಕ್ಕೆ ತಳ್ಳಿ, ಗುಂಡು ತೆಗೆದು, ಬಂದೂಕನ್ನು ಪಾಚಿಯ ಮೇಲೆ ಬಿಸಾಡಿ, ಎದ್ದು ನಿಂತು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ. ಆ ಚಿಕ್ಕದು ನೆಟ್ಟಗೆ ಎದ್ದು ನಿಂತಿತು.

“ಭಾವಾ!”

ಆ ದನಿ ಕೇಳಿದಾಗ ಏನಾಯಿತೆಂದು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಕಿತ್ತಳೆ ಟೋಪಿಯನ್ನು ಬೀಸುತ್ತ ಜೌಗಿನಲ್ಲಿ ಓಡಿದೆ, ಬಿದ್ದೆ, ಎದ್ದೆ, ಬಾಯಿಗೆ ಬಂದಂತೆ ಬೈಯುತ್ತ ಓಡಿದೆ. ಮೂಸ್ ಎರಡು ಹೆಜ್ಜೆ ಅವಳ ಕಡೆ ನುಗ್ಗಿ ನಿಂತಿತು. ಅದರ ಒಂದು ಕಿವಿ ಎದ್ದು ನನ್ನ ಕಡೆ ತಿರುಗಿತು. ಆಗ ನನ್ನ ಬಲಕ್ಕೆ, ಪೊದೆಗಳೊಳಗಿಂದ, ಮೂಗಿನಲ್ಲಿ ಅತ್ತ ಹಾಗೆ ಒಂದು ಸಣ್ಣ ದನಿ ಬಂತು. ನಿಜವಾದ ಕರು ಅಲ್ಲಿತ್ತು. ತಾಯಿಗೂ ಅದಕ್ಕೂ ನಡುವೆ ಯೋರ್ಡಿಸ್ ಸಿಕ್ಕಿಕೊಂಡಿದ್ದಳು. ನಾನು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. ದಾರಿ ಬಿಟ್ಟೆವೋ ಇಲ್ಲವೋ, ಆ ಭಾರಿ ದೇಹ ದಾಪುಗಾಲು ಹಾಕಿ ನಮ್ಮನ್ನು ದಾಟಿ ಹೋಯಿತು. ನಾನು ಕುಂಡೆಯೂರಿ ಹತ್ತಿ ಇಳಿಯಬೇಕಾದ ಬಿದ್ದ ಮರವನ್ನು ಅದು ಹೊಸ್ತಿಲಿನಂತೆ ದಾಟಿತು. ಕರು ಪೊದೆಯಿಂದ ಎದ್ದು ತಾಯಿಯ ಪಕ್ಕೆಗೆ ಅಂಟಿಕೊಂಡಿತು. ಎರಡೂ ಮರಗಳೊಳಗೆ ಹೋದವು, ಒಂದು ಕಡ್ಡಿ ಮುರಿದ ಸದ್ದಿಲ್ಲ.

ತುಸ್ಸಾ ಹುಲ್ಲಿನ ನಡುವೆ ಮಲಗಿದ್ದಳು, ಯೋರ್ಡಿಸಳ ಕಿತ್ತಳೆ ಜಾಕೀಟಿನ ಮೇಲೆ. ಗಾಯಕ್ಕೆ ಒತ್ತಿ ಬೆಲ್ಟಿನಿಂದ ಬಿಗಿದದ್ದು ಅವಳ ಕಿತ್ತಳೆ ಟೋಪಿ. ನಾಯಿಯನ್ನು ಹೊರಲಾರದೆ ಜಾಕೀಟಿನ ಮೇಲೆ ಹಾಕಿ, ಕಂದು ಉಣ್ಣೆಯ ಸ್ವೆಟರಿನಲ್ಲಿ, ಬಗ್ಗಿ ಹಿಂದೆ ಹಿಂದೆ ನಡೆಯುತ್ತ ದಿಬ್ಬದಾಚೆಯಿಂದ ಎಳೆದು ತಂದಿದ್ದಳು. ರೇಡಿಯೋ ಹಳ್ಳದಲ್ಲಿ ಬಿದ್ದು ಸತ್ತಿತ್ತು.

“ಭಾವ, ನೀವು ಇಲ್ದಿದ್ರೆ ಅದು ನನ್ನ ತುಳಿದು ಹಾಕ್ಬಿಡ್ತಿತ್ತು,” ಎಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಜಾಕೀಟು ಬಿಚ್ಚಿ ಅವಳಿಗೆ ಹೊದೆಸಿದೆ. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ನಾಯಿಯನ್ನು ಎತ್ತಿಕೊಂಡೆ.

ಹತ್ತೂವರೆಗೆ ಎಲ್ಲರೂ ಬೆಂಕಿಯ ಸುತ್ತ ಇದ್ದರು. ತುಸ್ಸಾಗೆ ಎರಡು ಪಕ್ಕೆಲುಬು ಮುರಿದಿರಬಹುದು, ಬದುಕುತ್ತಾಳೆ ಎಂದ ಬಿರ್ಗರ್. ಪಶುವೈದ್ಯರು ಹನ್ನೆರಡಕ್ಕೆ ಕರೆತರಲು ಹೇಳಿದ್ದರು. ಕಪ್ಪು ಹಿಡಿದ ಕೆಟಲಿನಲ್ಲಿ ಕಾಫಿ ಕುದಿಯುತ್ತಿತ್ತು. ಯೋರ್ಡಿಸ್ ನಡೆದದ್ದನ್ನು ಮೂರನೆಯ ಸಲ ಹೇಳುತ್ತಿದ್ದಳು, ಪ್ರತಿ ಸಲವೂ ನಾನು ಇನ್ನಷ್ಟು ಜೋರಾಗಿ ಓಡುತ್ತಿದ್ದೆ. ಮೂಸಿನ ಕಿವಿ ಮಲಗಿದ್ದು ನೋಡಿ ಕಿರುಚಿದೆ ಎಂದಷ್ಟೇ ನಾನು ಹೇಳಿದ್ದೆ.

“ತೊಂಬತ್ತು ಮೀಟರ್‌ನಿಂದ ಮೂಸಿನ ಕಿವಿ ನೋಡಿ ಹೇಳೋದು ಅಂದ್ರೆ!” ಎಂದ ಬಿರ್ಗರ್ ನನ್ನ ಬೆನ್ನಿಗೆ ಬಡಿದು. “ಕಲ್ಲಿನ ಮೇಲೆ ಕೂರೋನಿಗೆ ಕಣ್ಣು ಹಾಗಿರ್ಬೇಕು, ಹಾಲ್ವಾರಣ್ಣ. ನಿಮ್ಮ ಕೈ ಕಾಲು ಆಡೋವರೆಗೂ ಆ ಜಾಗ ನಿಮ್ದೇ.”

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನಗೆ ಬೇಕಾದದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಯೋರ್ಡಿಸ್ ಸುಟ್ಟ ಸಾಸೇಜನ್ನು ತೆಳು ರೊಟ್ಟಿಯಲ್ಲಿ ಸುತ್ತಿ, ಮೊದಲ ತುಂಡನ್ನು ನನಗೇ ಕೊಟ್ಟಳು. ಒಂದು ತುತ್ತು ಕಚ್ಚಿದೆ. ಉಳಿದದ್ದನ್ನು ನಾನು ಕೂತಿದ್ದ ಮರದ ದಿಮ್ಮಿಯ ಮೇಲಿಟ್ಟೆ.

“ಯೋರ್ಡಿಸ್, ನಿನ್ನ ಮೇಲೆ ಬಂದೂಕು ಇಟ್ಟಿದ್ದೆ.”

“ಏನು?”

“ಕರು ಅಂದ್ಕೊಂಡೆ. ನನಗೆ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು. ಫೋನಲ್ಲಿ ನಿನ್ನ ಚುಕ್ಕಿ ಕಂಡಿತು ಅಂದಿದ್ದೂ ಸುಳ್ಳು.”

ಯೋರ್ಡಿಸಳ ದನಿ ಬಹಳ ಮೆಲ್ಲಗೆ ಬಂತು. “ಸೇಫ್ಟಿ ತೆಗ್ದಿದ್ರಾ?”

“ತೆಗ್ದಿದ್ದೆ.”

“ಬೆರಳು?”

“ಟ್ರಿಗರ್ ಮೇಲಿತ್ತು.”

“ಮತ್ತೆ ಯಾಕೆ ಒತ್ತಲಿಲ್ಲ?”

“ಅವಳಿಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ತನ್ನ ಕರು ಮೇಲೆ ಯಾವ ತಾಯಿನೂ ಈ ಕಾಲದಲ್ಲಿ ಹಾಗೆ ಸಿಟ್ಟು ಮಾಡಲ್ಲ. ಅದಕ್ಕೇ ನೀನು ಬದುಕಿದೀಯ. ನನ್ನಿಂದ ಅಲ್ಲ.”

ಬಿರ್ಗರ್ ಕೈ ಚಾಚಿದ. ಪಾಚಿಯಿಂದ ಎತ್ತಿ ತಂದಿದ್ದ ಬಂದೂಕಿನ ಬೋಲ್ಟ್ ಎಳೆದು ಅವನ ಅಂಗೈಗೆ ಇಟ್ಟೆ, ಅದಿಲ್ಲದ ಬಂದೂಕು ಬರೀ ಕೋಲು. ಅವನು ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಯೋರ್ಡಿಸ್ ಎದ್ದು ಮರಗಳ ಹಿಂದೆ ಹೋದಳು, ಅವಳು ವಾಂತಿ ಮಾಡುವುದು ಎಲ್ಲರಿಗೂ ಕೇಳಿಸಿತು. ನನ್ನ ನಾದಿನಿ ಇನ್ನು ಯಾವತ್ತೂ ನನ್ನ ಜೊತೆ ಮಾತಾಡುವುದಿಲ್ಲ, ಸೂಲ್ವೈಗೆ ಯಾವ ಮುಖ ತೋರಿಸಲಿ ಎಂದು ನೆಲ ನೋಡುತ್ತ ಕೂತೆ.

ಅವಳು ಬಾಯಿ ಒರೆಸಿಕೊಂಡು ವಾಪಸು ಬಂದಳು. ತನ್ನ ಜಾಗಕ್ಕೆ ಹೋಗಲಿಲ್ಲ. ನನ್ನ ಪಕ್ಕ, ಅದೇ ಮರದ ದಿಮ್ಮಿಯ ಮೇಲೆ, ಭುಜಕ್ಕೆ ಭುಜ ತಾಗುವ ಹಾಗೆ ಕೂತಳು.

“ನನ್ನ ಮುಖ ಕಾಣ್ಸುತ್ತಾ?”

“ಇಲ್ಲ.”

“ಒಳ್ಳೇದಾಯ್ತು. ಈಗ ನೋಡೋ ಹಾಗಿಲ್ಲ.” ಅವಳು ಮೂಗು ಸೀಟಿದಳು. “ಮೂರು ವರ್ಷ! ಕತ್ತೆ ಭಾವ. ಅಕ್ಕ ಅಡುಗೆಮನೇಲಿ ಎಷ್ಟು ಅತ್ತಿದಾಳೆ ಗೊತ್ತಾ, ಇವರು ಯಾವಾಗ ಬಾಯಿ ಬಿಡ್ತಾರೆ ಅಂತ? ಏನು ಮುಚ್ಚಿಡ್ತಿದಾರೆ ಅಂತ ಮಾತ್ರ ನನಗೂ ಹೇಳ್ಲಿಲ್ಲ. ಇವತ್ತೂ ಹೊರಡುವಾಗ ಬಾಗಿಲಲ್ಲಿ ಹೇಳಿದ್ಲು, ಮೇಜಿಗೆ ಕುಂಟಂತೆ!”

ಅಂದರೆ ಸೂಲ್ವೈಗೆ ಗೊತ್ತಿತ್ತು. ಯೋರ್ಡಿಸ್ ಕೆಟಲಿನಿಂದ ಕಾಫಿ ಬಗ್ಗಿಸಿಕೊಂಡು, ಊದಿ, ಒಂದು ಗುಟುಕು ಕುಡಿದಳು.

“ಯಾರ್ರೀ ಮಾಡಿದ್ದು ಇದನ್ನ? ಕಾಲು ತೊಳೆದ ನೀರು ಇದಕ್ಕಿಂತ ಗಟ್ಟಿ ಇರುತ್ತೆ. ಬಿರ್ಗರ್, ನೀವೇನಾ? ಒಂದು ಜೀವ ಸಾವಿನ ಬಾಯಿಂದ ಎದ್ದು ಬಂದಿದೆ, ಅದಕ್ಕೆ ಇನ್ನೊಂದು ಚಮಚ ಪುಡಿ ಹಾಕೋಕೆ ನಿಮಗೆ ಮನಸ್ಸು ಬರಲಿಲ್ವಾ?”

ಅವಳು ಬೈಯುತ್ತಲೇ ಇದ್ದಳು. ಕೆಟಲಿಗೆ ಬೈದಳು, ಹಸಿ ಸೌದೆಗೆ ಬೈದಳು, ಆಮೇಲೆ ಮತ್ತೆ ನನಗೆ ಬೈದಳು. ನಾನು ಎಲ್ಲರೆದುರು ಮುಖ ಮುಚ್ಚಿಕೊಳ್ಳದೆ ಅತ್ತೆ. ಎಲ್ಲೋ ಕಾಡಿನಲ್ಲಿ ಕರುವನ್ನು ಪಕ್ಕೆಗೆ ಅಂಟಿಸಿಕೊಂಡು ನಡೆಯುತ್ತಿದ್ದ ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಯೋರ್ಡಿಸ್ ಇನ್ನೊಂದು ಲೋಟ ಕಾಫಿ ಕೊಡಿ ಎಂದಳು.